ನಿನಗ ಯಾರದಾರಪಾ?

(ಧಾರವಾಡದಲ್ಲಿ ಮನಃಶಾಸ್ತ್ರದ ವಿದ್ಯಾರ್ಥಿಗಳು, ಶಾಲಾ ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಕ್ಕಳ ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೀಕ್ಷಣಾಲಯ ಅಂದರೆ ಪೊಲೀಸರು ಹಿಡಿದ ಮಕ್ಕಳನ್ನು ವಿಚಾರಣೆ ನಡೆಯುವಾಗ ಇಡುವ ಮನೆ. ಅಲ್ಲಿಗೆ ಹೊಸದಾಗಿ ಬಂದ ಹುಡುಗ ಮೊದಲು ಏನು ಕೇಳುತ್ತಾನೆ, ಊಹೆ ಮಾಡಿ. ಎಷ್ಟು ದಿನ ಒಳಗೆ ಇಡುತ್ತಾರೆ ಅಂತ ಕೇಳಬಹುದು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಊಟ ಮಾಡಿರುವುದಿಲ್ಲ, ಕಣ್ಣಿಗೆ ನಿದ್ದೆ ಇರುವುದಿಲ್ಲ, ಚಪ್ಪಲಿ ಎಲ್ಲೋ ಬಿಟ್ಟು ಬಂದಿರುತ್ತಾನೆ. ಆದರೂ ಮೊದಲ ಮಾತು ಹೆಚ್ಚಾಗಿ ಇದೇ: "ಮನಿಯಾಗ ಗೊತ್ತಾಗೇತೇನ್ರಿ?"

ಒಬ್ಬ ಇದನ್ನು ಹೆದರಿ ಕೇಳುತ್ತಾನೆ. ಅಪ್ಪನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾನೆ ಅಂತ. ಇನ್ನೊಬ್ಬ ಆಸೆಯಿಂದ ಕೇಳುತ್ತಾನೆ. ಅವ್ವನಿಗೆ ಗೊತ್ತಾದರೆ ಓಡಿ ಬರುತ್ತಾಳೆ ಅಂತ. ಮಾತು ಒಂದೇ, ದನಿಯೂ ಒಂದೇ ಥರ. ಯಾವ ಹುಡುಗ ಯಾಕೆ ಕೇಳಿದ ಅಂತ ತಿಳಿಯುವುದಕ್ಕೆ ನನಗೆ ಒಂದು ವಾರ ಬೇಕಾಗುತ್ತದೆ. ಕೆಲವು ಸಲ ಒಂದು ತಿಂಗಳು.

ಈ ಮಕ್ಕಳ ಮನಃಶಾಸ್ತ್ರಜ್ಞೆಯಾಗಿ ನಾನು ಕೆಲಸಕ್ಕೆ ಬಂದದ್ದು 2001ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಎಂ.ಎ. ಮುಗಿಸಿದ್ದೆ. ಆಗ ನನ್ನ ಜೊತೆಗೆ ಒಬ್ಬ ಹಿರಿಯ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಇದ್ದರು, ನಿವೃತ್ತಿಗೆ ಹತ್ತಿರ ಬಂದವರು. ಅವರು ಹೊಸ ಹುಡುಗ ಬಂದಾಗ ಫೈಲು ತೆರೆಯುತ್ತಲೇ ಇರಲಿಲ್ಲ. ಎದುರಿಗೆ ಕೂರಿಸಿಕೊಂಡು ಚಹಾ ತರಿಸುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ. "ನಿನಗ ಯಾರದಾರಪಾ?"

"ಯಾರಿಲ್ರಿ" ಅನ್ನುತ್ತಿದ್ದ ಹುಡುಗ. ಬಹಳ ಮಕ್ಕಳು ಹಾಗೇ ಅನ್ನುತ್ತಾರೆ.

"ಯಾರಿಲ್ಲ ಅಂದ್ರ ಹೆಂಗ? ಇಷ್ಟ್ ದೊಡ್ಡಾಂವ ಆಗೀದಿ. ಯಾರರ ಊಟಕ್ಕ ಹಾಕಿರಬೇಕಲ್ಲ?"

ಅಷ್ಟು ಹೇಳಿ ಸುಮ್ನೆ ಕೂರುತ್ತಿದ್ದರು. ಹುಡುಗ ನೆಲ ನೋಡುತ್ತಿದ್ದ, ಗೋಡೆ ನೋಡುತ್ತಿದ್ದ. ಕೊನೆಗೆ ಒಂದು ಹೆಸರು ಬರುತ್ತಿತ್ತು. ಒಬ್ಬ ಆಯಿ, ಚಹಾದ ಅಂಗಡಿಯ ಒಬ್ಬ ಕಾಕಾ, ಐದನೇತ್ತೆಯಲ್ಲಿ ಕಲಿಸಿದ ಒಬ್ಬ ಅಕ್ಕಾರು. ಆ ಹೆಸರನ್ನು ಅವರು ಬೇರೆ ಹಾಳೆಯ ಮೇಲೆ ಬರೆದು ಫೈಲಿನ ಮೊದಲ ಪುಟಕ್ಕೆ ಹಚ್ಚುತ್ತಿದ್ದರು. ನಾನು ಪುಸ್ತಕದಲ್ಲಿ ಕಲಿತದ್ದು ಬಹಳ ಇದೆ. ಆದರೆ ಈ ಹಾಳೆಯ ಮೇಲೆ ಒಂದು ಹೆಸರು ಬರೆಯುವುದೇ ನನ್ನ ಕೆಲಸದ ಅರ್ಧ ಅಂತ ಈಗ ಅನ್ನಿಸುತ್ತದೆ. ಇವತ್ತು ಮಾತಾಡುವುದು ಅದರ ಬಗ್ಗೆಯೇ.

ನಾನು ಸೇರಿದ ವರ್ಷವೇ ಬಾಲ ನ್ಯಾಯದ ಕಾಯ್ದೆ ಬದಲಾಗಿತ್ತು. ಅದಕ್ಕೆ ಮೊದಲು, 1986ರ ಕಾಯ್ದೆಯಲ್ಲಿ, ಹುಡುಗನಾದರೆ 16ರ ಒಳಗೆ ಮಾತ್ರ ಬಾಲಕ, ಹುಡುಗಿಯಾದರೆ 18ರ ತನಕ. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟ ಮೇಲೆ 2000ದ ಕಾಯ್ದೆ ಬಂತು. ಅದು 2001ರ ಏಪ್ರಿಲ್‌ನಿಂದ ಜಾರಿಗೆ ಬಂದಾಗ ಇಬ್ಬರಿಗೂ 18 ಆಯಿತು. ಈಗ ನಡೆಯುತ್ತಿರುವುದು 2015ರ ಬಾಲ ನ್ಯಾಯ ಕಾಯ್ದೆ, 2016ರ ಜನವರಿ 15ರಿಂದ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಇಂಥ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿ ಅಂದರೆ ಸಿನಿಮಾದ ಕೋರ್ಟಿನ ಹಾಗೆ ಇರುತ್ತದೆ ಅಂತ ಜನ ತಿಳಿದಿರುತ್ತಾರೆ. ಹಾಗಿಲ್ಲ. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಎತ್ತರದ ಪೀಠ ಇರಬಾರದು, ಕಟಕಟೆ ಇರಬಾರದು. ಮಗುವನ್ನು ಹಿಡಿದ 24 ಗಂಟೆಯೊಳಗೆ ಅಲ್ಲಿಗೆ ಕರೆತರಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ. 'ಬಾಲಾಪರಾಧಿ' ಅನ್ನುವ ಪದವನ್ನು ಪೇಪರಿನವರು ಇನ್ನೂ ಬರೆಯುತ್ತಾರೆ, ಕಾಯ್ದೆಯಲ್ಲಿ ಆ ಪದಕ್ಕೆ ಜಾಗವಿಲ್ಲ. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು ಅನ್ನಬೇಕು. ಉದ್ದವಾಯಿತು, ನಿಜ. ಆದರೆ ಆ ಉದ್ದದಲ್ಲಿ ಕೊನೆಗೆ 'ಮಗು' ಅಂತ ಒಂದು ಪದ ಉಳಿಯುತ್ತದೆ. ನನಗೆ ಅದು ಮುಖ್ಯ.

ಎಂಥ ಮಕ್ಕಳು ಬರುತ್ತಾರೆ? ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. 2023ರಲ್ಲಿ ಉದ್ಘಾಟನೆ ಆದಾಗ ನಾವೆಲ್ಲ ಹೆಮ್ಮೆಪಟ್ಟೆವು. ನಾನು ಅಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಿದ್ದೇನೆ, ಒಬ್ಬ ಹುಡುಗನ ಜೊತೆ. ಅವನು ರಾತ್ರಿ ಎಲ್ಲಿ ಮಲಗುತ್ತಿದ್ದ, ಯಾರ ಹತ್ತಿರ ಮಲಗಬಾರದು ಅಂತ ಕಲಿತಿದ್ದ, ಪಂಕ್ಚರ್ ಸೊಲ್ಯೂಷನ್ ಹಾಕಿದ ಬಟ್ಟೆಯನ್ನು ಮೂಗಿಗೆ ಹಿಡಿದರೆ ಹಸಿವು ಹೇಗೆ ಮರೆಯುತ್ತದೆ, ಎಲ್ಲ ತೋರಿಸಿದ. ಅತಿಥಿಗೆ ಊರು ತೋರಿಸುವವರ ಹಾಗೆ ತೋರಿಸಿದ.

ಆ ಹುಡುಗ ಸಂಜೆ ಆರಕ್ಕೆ ಯಾರದಾದರೂ ಕಣ್ಣಿಗೆ ಬಿದ್ದು, ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರೆ, ಅವನು ಹೋಗುತ್ತಿದ್ದುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಆಗ ಅವನು ರಕ್ಷಣೆ ಬೇಕಾದ ಮಗು. ಯಾರೂ ನೋಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಹಸಿವಾಗಿ ಒಬ್ಬರ ಮೊಬೈಲ್ ಎಗರಿಸಿದ. ಈಗ ಅವನು ಬಾಲ ನ್ಯಾಯ ಮಂಡಳಿಯ ಮುಂದೆ. ಹುಡುಗ ಅವನೇ, ಅಂಗಿ ಅದೇ. ನಡುವೆ ಐದು ತಾಸು.

ಗುಳೆ ಹೋದವರ ಮಕ್ಕಳೂ ಬರುತ್ತಾರೆ. ಗದಗ, ಹಾವೇರಿ ಕಡೆಯಿಂದ ಅಪ್ಪ ಅವ್ವ ಗೋವಾಕ್ಕೆ, ಮಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗಿರುತ್ತಾರೆ. ಮಕ್ಕಳು ಆಯಿಯ ಹತ್ತಿರ. ಆಯಿಗೆ ಕಣ್ಣು ಮಂಜು, ಮೊಮ್ಮಗನಿಗೆ ಹದಿನಾಲ್ಕು. ಶಾಲೆ ಬಿಟ್ಟು ಯಾರದೋ ಬೈಕಿನ ಹಿಂದೆ ಕೂತು ತಿರುಗುತ್ತಾನೆ. ಬೈಕ್ ಓಡಿಸುವವನಿಗೆ 25 ವರ್ಷ. ಬೀಗ ಒಡೆಯುವ ಮನೆಯನ್ನು ಅವನು ನೋಡಿಟ್ಟಿರುತ್ತಾನೆ, ಕಿಟಕಿಯಲ್ಲಿ ನುಸುಳುವುದಕ್ಕೆ ಸಣ್ಣ ಮೈ ಬೇಕಾಗಿರುತ್ತದೆ. ಸಿಕ್ಕಿಬೀಳುವವನು ಸಣ್ಣವನು. ಹೀಗೆ ಮಕ್ಕಳನ್ನು ಕಳ್ಳತನಕ್ಕೆ ಬಳಸಿದ ದೊಡ್ಡವನಿಗೆ ಇದೇ ಕಾಯ್ದೆಯ 83ನೇ ಕಲಮಿನಲ್ಲಿ 7 ವರ್ಷದ ತನಕ ಶಿಕ್ಷೆ, 5 ಲಕ್ಷ ದಂಡ ಇದೆ. ಆ ಕಲಮನ್ನು ಇನ್ನೂ ಹೆಚ್ಚು ಹಾಕಬೇಕು ಅಂತ ನಾನು ಪ್ರತಿ ತರಬೇತಿಯಲ್ಲೂ ಪೊಲೀಸರಿಗೆ ಕೈಮುಗಿದು ಹೇಳುತ್ತೇನೆ.

ಈಗ ನನ್ನ ಒಂದು ತಪ್ಪನ್ನು ಹೇಳಬೇಕು. ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹಾವೇರಿ ಕಡೆಯ ಒಬ್ಬ ಹುಡುಗ, 15 ವರ್ಷ. ಮೆಣಸಿನಕಾಯಿ ಚೀಲ ಹೊರುವ ಕಡೆ ಅವ್ವನ ಜೊತೆ ಕೆಲಸ. ಅಡತ್ ಅಂಗಡಿಯ ಗಲ್ಲಾದಿಂದ ದುಡ್ಡು ತೆಗೆದ ಅಂತ ದೂರು. ಎದುರಿಗೆ ಕೂತ. ನಾನು ಏನು ಕೇಳಿದರೂ ಸಣ್ಣಗೆ ನಗುತ್ತಿದ್ದ. "ನೀನ ತಗೊಂಡ್ಯಾ?" "ಹೂಂ ರಿ." "ಯಾಕ ತಗೊಂಡಿ?" "ಹೂಂ ರಿ." "ಅವ್ವಗ ಎಷ್ಟ್ ನೋವಾಗೇತಿ ಗೊತ್ತೈತೇನು?" ಮತ್ತೆ ನಗು. ನನಗೆ ಸಿಟ್ಟು ಬಂತು. ಸಿಟ್ಟನ್ನು ತೋರಿಸಲಿಲ್ಲ, ವರದಿಯಲ್ಲಿ ಬರೆದೆ. 'ಮಾಡಿದ ತಪ್ಪಿನ ಬಗ್ಗೆ ಪಶ್ಚಾತ್ತಾಪ ಕಾಣುವುದಿಲ್ಲ.' ಒಂದು ಸಾಲು. ನೀಟಾದ ಅಕ್ಷರದಲ್ಲಿ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ವರಾಂಡದಲ್ಲಿ ನಿಂತಿದ್ದೆ. ಅಡುಗೆಯ ಅವ್ವ ಹಿಂದಿನಿಂದ ಅವನನ್ನು ಕರೆದಳು. "ತಮ್ಮಾ, ತಾಟು ತಗೊಂಡು ಬಾರೋ." ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ತಿರುಗಲಿಲ್ಲ. ಮೂರನೇ ಸಲ ಅಂಗಳದಲ್ಲಿದ್ದ ಕಾಗೆಗಳು ಹಾರುವ ಹಾಗೆ ಕೂಗಿದಳು. ಪಕ್ಕದ ಹುಡುಗ ಅವನ ತೋಳು ಮುಟ್ಟಿದ. ಆಗ ತಿರುಗಿದ, ನಗುತ್ತಾ. ನನ್ನ ಎದುರಿಗೆ ನಕ್ಕ ಅದೇ ನಗು.

ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಸಣ್ಣವನಿದ್ದಾಗಿನಿಂದ ಕಿವಿ ಸೋರಿ ಸೋರಿ ಎರಡೂ ತಮಟೆ ತೂತಾಗಿದ್ದವು. ಅವನಿಗೆ ನಾವು ಆಡುವ ಮಾತಿನಲ್ಲಿ ಅರ್ಧ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ನಕ್ಕು ಹೂಂ ಅಂದುಬಿಟ್ಟರೆ ಅವರು ಬಿಟ್ಟು ಹೋಗುತ್ತಾರೆ ಅಂತ ಅವನು ಬಾಲ್ಯದಲ್ಲೇ ಕಲಿತಿದ್ದ. ಅಂಗಡಿಯಲ್ಲಿ ಕೇಳಿದಾಗಲೂ ಹೂಂ ಅಂದಿದ್ದ. ಠಾಣೆಯಲ್ಲಿ ಕೇಳಿದಾಗಲೂ ಹೂಂ ಅಂದಿದ್ದ. ಆಮೇಲೆ ನನ್ನ ಹತ್ತಿರ.

ಮಂಡಳಿಯ ಮುಂದೆ ಹೋಗಿ ನನ್ನ ವರದಿ ತಪ್ಪು ಅಂತ ಹೇಳಿದೆ, ಹೊಸದು ಬರೆದು ಕೊಟ್ಟೆ. ಅವರು ಒಪ್ಪಿದರು. ಸಾಕ್ಷಿ ಇಲ್ಲದೆ ಪ್ರಕರಣ ಮುಗಿಯಿತು. ದುಡ್ಡು ಅವನು ತೆಗೆದಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅವನಿಗೆ ಪ್ರಶ್ನೆಯೇ ಕೇಳಿಸಿರಲಿಲ್ಲ, ನಾನು ಅವನ ಉತ್ತರವನ್ನು ಬರೆದಿದ್ದೆ.

ಅವತ್ತಿನಿಂದ ಯಾವ ಹುಡುಗ ಬಂದರೂ ಮೊದಲು ಅವನ ಎಡಗಡೆ ಕೂತು ಮೆಲ್ಲಗೆ ಮಾತಾಡುತ್ತೇನೆ, ಆಮೇಲೆ ಬಲಗಡೆ. ಬಿಸ್ಕಿಟ್ ಪುಡಿಕೆ ಕೊಟ್ಟು ಮೇಲಿನ ಅಕ್ಷರ ಓದಿಸುತ್ತೇನೆ. ಕಣ್ಣು ಕಾಣದ ಮಕ್ಕಳು, ಓದಲು ಬಾರದೆ ಎಂಟನೇತ್ತೆ ತನಕ ಬಂದ ಮಕ್ಕಳು, ಬುದ್ಧಿ ಬೆಳವಣಿಗೆ ನಿಧಾನ ಇರುವ ಮಕ್ಕಳು, ಯಾರೂ ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ. ಇದಕ್ಕೆ ನಮ್ಮ ಹತ್ತಿರ ಒಳ್ಳೆಯ ಸಾಧನವೂ ಇದೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಂತ ಬುದ್ಧಿಶಕ್ತಿ ಅಳೆಯುವ ಬಿನೆ ಪರೀಕ್ಷೆಯನ್ನು ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ನೀವು ಓದಿರುತ್ತೀರಿ. ನಮ್ಮ ಭಾಷೆಯ ಮಗುವನ್ನು ನಮ್ಮ ಭಾಷೆಯಲ್ಲೇ ಅಳೆಯಬೇಕು ಅಂತ ಅಷ್ಟು ಹಿಂದೆಯೇ ಒಬ್ಬರಿಗೆ ಹೊಳೆದಿತ್ತು.

ಹಾಗೆ ನೋಡಿದರೆ ಈ ವೃತ್ತಿಯೇ ಹಳೆಯದು. ಶಿಕಾಗೊದಲ್ಲಿ 1899ರಲ್ಲಿ ಮಕ್ಕಳಿಗೆಂದೇ ಬೇರೆ ನ್ಯಾಯಾಲಯ ಶುರುವಾಯಿತು. ಹತ್ತು ವರ್ಷದ ಮೇಲೆ, 1909ರಲ್ಲಿ, ವಿಲಿಯಂ ಹೀಲಿ ಎಂಬ ವೈದ್ಯರು ಅಲ್ಲಿಗೆ ಬರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಪರೀಕ್ಷೆ ಮಾಡುವ ಕೇಂದ್ರ ನಡೆಸಿದರು. ಮೈ, ಮನಸ್ಸು, ಮನೆ, ಓಣಿ, ಎಲ್ಲ ನೋಡಿದರು. ಕೆಟ್ಟ ಹುಡುಗ ಅನ್ನುವ ಒಂದು ತಳಿ ಅವರಿಗೆ ಸಿಗಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಕಾರಣ, ಬಹಳ ಸಲ ಐದಾರು ಕಾರಣ ಒಟ್ಟಿಗೆ.

ಈಗ 2015ರ ಕಾಯ್ದೆಗೆ ಬರುತ್ತೇನೆ. ನನ್ನ ನಿದ್ದೆ ಕೆಡಿಸುವ ಭಾಗ ಇದು.

ಹುಡುಗನಿಗೆ 16 ತುಂಬಿದ್ದು 18 ತುಂಬಿಲ್ಲದಿದ್ದರೆ, ಅವನ ಮೇಲೆ ಇರುವ ಆರೋಪ ಕನಿಷ್ಠ 7 ವರ್ಷ ಶಿಕ್ಷೆ ಇರುವಂಥದ್ದಾದರೆ, ಮಂಡಳಿ 15ನೇ ಕಲಮಿನ ಪ್ರಕಾರ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಆ ಕೆಲಸ ಮಾಡುವ ಮಾನಸಿಕ, ದೈಹಿಕ ಶಕ್ತಿ ಅವನಿಗಿತ್ತೇ? ಅದರ ಪರಿಣಾಮ ಅವನಿಗೆ ತಿಳಿಯುತ್ತಿತ್ತೇ? ಎಂಥ ಸನ್ನಿವೇಶದಲ್ಲಿ ಮಾಡಿದ ಅಂತ ಆರೋಪ? ಇದನ್ನು ನೋಡಿ, ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮನಃಶಾಸ್ತ್ರಜ್ಞರ ನೆರವು ಪಡೆಯಬಹುದು ಅಂತ ಕಾಯ್ದೆ ಹೇಳಿತ್ತು. ಮಂಡಳಿಯಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಪದವಿ ಇರುವವರು ಇಲ್ಲದಿದ್ದರೆ ಆ ನೆರವು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು. ಅಂದರೆ ಆ ವರದಿ ಬರೆಯುವ ಪೆನ್ನು ನಮ್ಮ ಕೈಗೆ ಬಂತು.

ನೀವೇ ಯೋಚನೆ ಮಾಡಿ. ಘಟನೆ ನಡೆದು ಎರಡು ತಿಂಗಳಾದ ಮೇಲೆ ಹುಡುಗ ನನ್ನ ಎದುರಿಗೆ ಕೂರುತ್ತಾನೆ. ಆ ರಾತ್ರಿ ಅವನ ತಲೆಯಲ್ಲಿ ಏನಿತ್ತು ಅಂತ ನಾನು ಹೇಳಬೇಕು. ಹಿಂದಕ್ಕೆ ಹೋಗಿ ಅಳೆಯುವ ಯಾವ ಪರೀಕ್ಷೆಯೂ ನಮ್ಮ ಹತ್ತಿರ ಇಲ್ಲ. ಇವತ್ತು ತಂಪಾಗಿ ಕೂತು 'ಕೊಲೆ ಮಾಡಿದರೆ ಏನಾಗುತ್ತದೆ' ಅಂತ ಕೇಳಿದರೆ ಹತ್ತು ವರ್ಷದ ಮಗುವೂ ಜೈಲು ಅನ್ನುತ್ತದೆ. ಆದರೆ ಹದಿಹರೆಯದವರು ಒಬ್ಬರೇ ಇದ್ದಾಗ ಒಂದು ಥರ, ಗೆಳೆಯರು ನೋಡುತ್ತಿದ್ದಾಗ ಇನ್ನೊಂದು ಥರ. ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ಇದನ್ನೇ ತೋರಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಳ್ಳುವ ಅಪಾಯ ಜಾಸ್ತಿಯಾಯಿತು, ದೊಡ್ಡವರಲ್ಲಿ ಅಷ್ಟು ಬದಲಾವಣೆ ಇಲ್ಲ. ಮುಂದಾಲೋಚನೆ ಮಾಡುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ನನ್ನ ಕೋಣೆಯಲ್ಲಿ ಗೆಳೆಯರಿಲ್ಲ, ಕತ್ತಲಿಲ್ಲ, ಬೈಕಿಲ್ಲ. ಅಲ್ಲಿ ಅವನು ಜಾಣನಾಗಿಯೇ ಕಾಣುತ್ತಾನೆ.

ಅದಕ್ಕೇ ಮೂರನೇ ಪ್ರಶ್ನೆ, ಸನ್ನಿವೇಶದ ಪ್ರಶ್ನೆ, ನನಗೆ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಉತ್ತರ ಹುಡುಗನ ತಲೆಯೊಳಗೆ ಮಾತ್ರ ಇರುವುದಿಲ್ಲ. ಅವನ ಓಣಿಗೆ ಹೋಗಬೇಕು. ಕಾಯ್ದೆ ಇದಕ್ಕೆ 3 ತಿಂಗಳು ಕೊಟ್ಟಿದೆ. ಆ ಗಡುವು ಕಡ್ಡಾಯವೇನಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತು. ಹೆಚ್ಚು ಹೊತ್ತು ಸಿಕ್ಕರೆ ಒಳ್ಳೆಯದೇ. ಆದರೆ ಆ ಹೊತ್ತನ್ನು ಹುಡುಗನ ಜೊತೆ ಕೂರುವುದಕ್ಕೆ ಬಳಸಬೇಕು, ಫೈಲು ಕಪಾಟಿನಲ್ಲಿ ಕೂರುವುದಕ್ಕೆ ಅಲ್ಲ.

ಇಂಥ ಫೈಲುಗಳಲ್ಲಿ ಪೋಕ್ಸೊದವೂ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯವೂ, ಬರುತ್ತವೆ. ಎಲ್ಲವೂ ಒಂದೇ ಥರ ಅಲ್ಲ. ನಿಜವಾಗಿ ಹಿಂಸೆ ನಡೆದವು ಇವೆ, ಅಲ್ಲಿ ನೊಂದ ಮಗುವಿನ ನೋವನ್ನು ನಾನು ಒಂದು ಕ್ಷಣವೂ ಮರೆಯಬಾರದು. ಆದರೆ ಇನ್ನೊಂದು ಥರದ್ದೂ ಇವೆ. ಹುಡುಗನಿಗೆ 17, ಹುಡುಗಿಗೆ 16 ದಾಟಿದೆ. ಒಂದೇ ಊರು, ಒಂದೇ ಬಸ್ಸು, ಜಾತಿ ಬೇರೆ. ಮನೆಯಲ್ಲಿ ಬೈದರು ಅಂತ ಗೋವಾದ ಬಸ್ಸು ಹತ್ತಿದರು. ಆರನೇ ದಿನ ದುಡ್ಡು ಮುಗಿದು ತಾವೇ ವಾಪಸ್ ಬಂದರು. ಈಗ ಅವನ ಮೇಲೆ ಕನಿಷ್ಠ 10 ವರ್ಷ ಶಿಕ್ಷೆ ಇರುವ ಕಲಮು. ಕಾಯ್ದೆಯಲ್ಲಿ 18ರ ಒಳಗಿನವರ ಒಪ್ಪಿಗೆಗೆ ಬೆಲೆ ಇಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರ ನವೆಂಬರಿನಲ್ಲಿ, ಇಂಥ ಪ್ರಕರಣಗಳನ್ನು ನೋಡಿ, ವಯಸ್ಸಿನ ಮಿತಿಯ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಿ ಅಂತಲೂ ಹೇಳಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಅಂದಿತು. ವಯಸ್ಸು ಎಷ್ಟಿರಬೇಕು ಅನ್ನುವುದು ದೊಡ್ಡ ಚರ್ಚೆ, ಮಾಡೋಣ. ಇಲ್ಲಿರುವ ಶಿಕ್ಷಕರಿಗೆ ನನ್ನ ವಿನಂತಿ ಬೇರೆ. ಒಂಬತ್ತನೇ ತರಗತಿಯ ಆ ಪಾಠವನ್ನು ನಾಚಿಕೆಪಟ್ಟು ಬಿಡಬೇಡಿ. ನನ್ನ ಎದುರಿಗೆ ಕೂತ ಆ ಹುಡುಗ ಹೇಳಿದ: "ಇದಕ್ಕ ಕೇಸ್ ಆಕ್ಕೈತಂತ ಯಾರೂ ಹೇಳಿರ್ಲಿಲ್ರಿ ಅಕ್ಕಾರ." ಅವನಿಗೆ ಪರಿಣಾಮ ತಿಳಿಯುತ್ತಿತ್ತೇ ಅನ್ನುವ ಪ್ರಶ್ನೆಗೆ ನಾನು ಆ ಮಾತನ್ನೇ ಬರೆದೆ.

ಮಕ್ಕಳು ಬಾಯಿ ಬಿಡುವುದು ಹೇಗೆ ಅಂತ ವಿದ್ಯಾರ್ಥಿಗಳು ಯಾವಾಗಲೂ ಕೇಳುತ್ತೀರಿ. ಒಂದು ಉದಾಹರಣೆ ಹೇಳುತ್ತೇನೆ.

ಬೆಟಗೇರಿ ಕಡೆಯ ಹುಡುಗ. ಜಗಳದಲ್ಲಿ ಒಬ್ಬನಿಗೆ ಕಲ್ಲಿನಿಂದ ಹೊಡೆದಿದ್ದ. ಹದಿನೈದು ದಿನ ನನ್ನ ಜೊತೆ ಒಂದು ಮಾತೂ ಇಲ್ಲ. ಬಂದು ಕೂರುತ್ತಿದ್ದ, ಎದ್ದು ಹೋಗುತ್ತಿದ್ದ. ನಾನೂ ಒತ್ತಾಯ ಮಾಡಲಿಲ್ಲ. ಒಂದು ದಿನ ಅವನ ಬೆರಳು ನೋಡಿದೆ. ಅಂಗಿಯ ಅಂಚಿನಿಂದ ಎರಡು ನೂಲು ಎಳೆದು ಗಂಟು ಹಾಕುತ್ತಿದ್ದ. ಹೆಬ್ಬೆರಳು, ತೋರುಬೆರಳು, ಒಂದು ಸುತ್ತು, ಒಂದು ಎಳೆತ. ಕಣ್ಣು ಮಿಟುಕಿಸುವುದರೊಳಗೆ ಗಂಟು. ಎಷ್ಟು ಸಣ್ಣದು ಅಂದರೆ ಬೆರಳಾಡಿಸಿದರೆ ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಆಮೇಲೆ ಹಲ್ಲಿನಿಂದ ಉಳಿದ ತುದಿ ಕಡಿದು ಹಾಕಿ, ಇನ್ನೊಂದು ನೂಲು ಎಳೆಯುತ್ತಿದ್ದ. ಮಗ್ಗದ ಮನೆಯ ಕೈ ಅದು. ಹರಿದ ಎಳೆ ಕೂಡಿಸುವ ಗಂಟು.

ಮರುದಿನ ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಒಂದಿಷ್ಟು ನೂಲು ತಂದೆ. "ನನಗ ಬರವಲ್ದು, ತೋರಸು" ಅಂದೆ. ನಿಜವಾಗಿಯೂ ಬರುತ್ತಿರಲಿಲ್ಲ. ನಾನು ಹಾಕಿದ ಗಂಟು ಎಳೆದ ಕೂಡಲೇ ಬಿಚ್ಚುತ್ತಿತ್ತು. ಐದು ಸಲ ಬಿಚ್ಚಿತು. ಆರನೇ ಸಲ ಅವನು ನನ್ನ ಹೆಬ್ಬೆರಳನ್ನು ತನ್ನ ಬೆರಳಿನಿಂದ ಒತ್ತಿ ಹಿಡಿದು, "ಇಲ್ಲಿ ಬಿಡಬಾರದ್ರಿ, ಇಲ್ಲೇ ಎಲ್ಲಾರೂ ಬಿಡತಾರ" ಅಂದ. ಅದು ಅವನ ಮೊದಲ ಮಾತು. "ನಿನಗ ಯಾರ್ ಕಲಿಸಿದ್ರಪಾ?" ಅಂತ ಕೇಳಿದೆ. "ನಮ್ಮ ಅಮ್ಮಾ ರಿ. ಹ್ವಾದ ವರ್ಷ ಸತ್ಲು." ಅಮ್ಮ ಅಂದರೆ ಅವನ ಅಜ್ಜಿ. ಅವಳು ಹೋದ ಮೇಲೆ ಮನೆಯಲ್ಲಿ ಮಗ್ಗ ನಿಂತಿತ್ತು. ಜಗಳ ಆದದ್ದು ಆ ಮಗ್ಗವನ್ನು ಮಾರಿದ ದಿನ. ಪೊಲೀಸ್ ಕಾಗದದಲ್ಲಿ ಮಗ್ಗದ ಸುದ್ದಿ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಅದನ್ನು ಅವರು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಕಲ್ಲಿನಿಂದ ಹೊಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಹೊಡೆಸಿಕೊಂಡ ಹುಡುಗನ ಹಣೆಗೆ ಹೊಲಿಗೆ ಬಿದ್ದಿದ್ದವು. ಆ ಮಾತನ್ನೂ ನಾವು ಮುಂದೆ ಬಹಳ ದಿನ ಆಡಿದೆವು. ಆದರೆ ಆ ಮಾತು ಶುರುವಾಗುವುದಕ್ಕೆ ಅಮ್ಮನ ಹೆಸರು ಮೊದಲು ಬರಬೇಕಾಗಿತ್ತು.

ವೀಕ್ಷಣಾಲಯದ ಒಳಗೆ ಮಕ್ಕಳು ಬದಲಾಗುತ್ತಾರಾ ಅಂತ ಕೇಳುತ್ತಾರೆ. ಬದಲಾಗುತ್ತಾರೆ. ಹೊತ್ತಿಗೆ ಊಟ, ನಿದ್ದೆ, ಹೊಡೆಯದ ದೊಡ್ಡವರು ಇದ್ದರೆ ಬಹಳ ಮಕ್ಕಳು ಬೇಗ ಮಕ್ಕಳಾಗುತ್ತಾರೆ. ಹದಿಹರೆಯದಲ್ಲಿ ತಪ್ಪು ಮಾಡಿದ ಹೆಚ್ಚಿನವರು ದೊಡ್ಡವರಾದಂತೆ ಅದನ್ನು ಬಿಡುತ್ತಾರೆ ಅಂತ ಟೆರ್ರಿ ಮಾಫಿಟ್ 1993ರಲ್ಲೇ ಬರೆದರು. ಜೀವನ ಪೂರ್ತಿ ಮುಂದುವರಿಸುವವರು ಸಣ್ಣ ಗುಂಪು. ನನ್ನ ಅನುಭವವೂ ಅದೇ. ನನಗೆ ಕಷ್ಟ ಅನ್ನಿಸುವುದು ಗೇಟಿನ ಹೊರಗೆ.

ಒಬ್ಬ ಹುಡುಗ ಒಂಬತ್ತನೇ ತರಗತಿಯ ನಡುವೆ ನಮ್ಮಲ್ಲಿಗೆ ಬಂದಿದ್ದ, ನಾಲ್ಕು ತಿಂಗಳಿಗೆ ಹೊರಗೆ ಹೋದ. ಅವನ ಶಾಲೆಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಬೇರೆ ಮಕ್ಕಳ ಪಾಲಕರು ಒಪ್ಪುವುದಿಲ್ಲ ಅಂದರು. ಕಾಯ್ದೆಯ 24ನೇ ಕಲಮು ತೋರಿಸಿದೆ. ಮಂಡಳಿಯಲ್ಲಿ ಪ್ರಕರಣ ಮುಗಿದ ಮಗುವಿಗೆ ಅದರಿಂದ ಯಾವ ಅನರ್ಹತೆಯೂ ಅಂಟಬಾರದು, ದಾಖಲೆಯನ್ನೂ ಹೊತ್ತು ಬಂದಾಗ ನಾಶ ಮಾಡಬೇಕು. ತಲೆಯಾಡಿಸಿದರು, ಸೇರಿಸಿಕೊಳ್ಳಲಿಲ್ಲ. ಯಾಕಂದರೆ ಕಾಗದದ ದಾಖಲೆ ನಾಶವಾದರೂ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೊ ಇತ್ತು. ಅವನನ್ನು ಹಿಡಿದ ರಾತ್ರಿಯೇ ಯಾರೋ ತೆಗೆದು ಹಾಕಿದ್ದರು. ಇಂಥ ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ ಪೇಪರಿನಲ್ಲಿ, ಟಿವಿಯಲ್ಲಿ, ಯಾವುದೇ ರೀತಿಯಲ್ಲಿ ಬಯಲು ಮಾಡಿದರೆ 74ನೇ ಕಲಮಿನಲ್ಲಿ 6 ತಿಂಗಳ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಇಲ್ಲವೇ ಎರಡೂ ಇದೆ. ಮೊಬೈಲು ಎಲ್ಲರ ಕೈಯಲ್ಲೂ ಇದೆ. ನಿಮ್ಮ ಗುಂಪಿಗೆ ಅಂಥ ಫೋಟೊ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ತೆಗೆಯಲು ಹೇಳಿ.

ಆ ಹುಡುಗನಿಗೆ ಮೂರು ಶಾಲೆ ತಿರುಗಿದೆವು. ನಾಲ್ಕನೆಯದರಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ಫೈಲು ಕೇಳಲೇ ಇಲ್ಲ. "ಕಬಡ್ಡಿ ಆಡ್ತೀಯೇನೋ?" ಅಂದರು. "ಆಡ್ತೀನ್ರಿ ಸರ." "ಹಂಗಾದ್ರ ನಾಳೆ ಬಾ." ಅಷ್ಟೇ.

ಇನ್ನೊಬ್ಬನಿಗೆ 18 ತುಂಬಿತ್ತು. ಹಳೇ ಹುಬ್ಬಳ್ಳಿಯ ಒಬ್ಬ ಗ್ಯಾರೇಜ್ ಮಿಸ್ತ್ರಿಯ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಮುಚ್ಚಿಡದೆ ಹೇಳೋಣ ಅಂತ ಹುಡುಗನೇ ಅಂದಿದ್ದ, ಹೇಳಿದೆವು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾ ಕೇಳಿದರು. ಕೊನೆಗೆ ಹುಡುಗನಿಗೆ ಒಂದೇ ಪ್ರಶ್ನೆ: "ಮಧ್ಯಾಹ್ನದ ಡಬ್ಬಿ ಯಾರ್ ಕಟ್ಟತಾರ ನಿನಗ?" ಹುಡುಗ ಸುಮ್ಮನೆ ನಿಂತ. ಮಿಸ್ತ್ರಿ ಅಲ್ಲಿಂದಲೇ ಮನೆಗೆ ಫೋನ್ ಮಾಡಿ, "ನಾಳಿಂದ ಇನ್ನೊಂದು ಡಬ್ಬಿ ಕಟ್ಟು" ಅಂದರು. ನಾನು ಹೊರಗೆ ಬಂದು ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ನಿಂತೆ. ಹಾಳೆಯ ಮೇಲೆ ಆ ಹುಡುಗನ ಹೆಸರಿನ ಮುಂದೆ ಏಳು ತಿಂಗಳಿಂದ ಖಾಲಿ ಇತ್ತು.

ಎಲ್ಲರ ಕತೆಯೂ ಹೀಗೆ ಮುಗಿದಿಲ್ಲ. ಮತ್ತೆ ಬಂದವರಿದ್ದಾರೆ. ಇಬ್ಬರನ್ನು ಕಳೆದುಕೊಂಡಿದ್ದೇನೆ, ಅದರ ಬಗ್ಗೆ ಇವತ್ತು ಮಾತಾಡಲಾರೆ.

ಕೆಲಸಕ್ಕೆ ಬರುವ ಆಸೆ ಇರುವ ವಿದ್ಯಾರ್ಥಿಗಳಿಗೆ ಎರಡು ಮಾತು. ಸಂಬಳ ಕಡಿಮೆ, ಬಹಳ ಹುದ್ದೆ ಗುತ್ತಿಗೆಯವು, ಇದನ್ನು ತಿಳಿದೇ ಬನ್ನಿ. ಮನೆಗೆ ಹೋದ ಮೇಲೆ ಮಾತಾಡಲು ನಿಮಗೂ ಒಬ್ಬ ಹಿರಿಯರನ್ನು ಹುಡುಕಿಟ್ಟುಕೊಳ್ಳಿ. ನಾನು ಮೊದಲ ಮೂರು ವರ್ಷ ಹುಡುಕಲಿಲ್ಲ, ಅದರ ಬೆಲೆಯನ್ನು ನನ್ನ ಮನೆಯವರು ಕೊಟ್ಟರು.

ಸಭೆಯಲ್ಲಿ ಕೊನೆಗೆ ಒಬ್ಬ ಹಿರಿಯ ಶಿಕ್ಷಕಿ ಎದ್ದು ಕೇಳಿದರು. "ಹೆಸರೇ ಹೇಳದ ಹುಡುಗ ಬಂದರೆ? ನಿಜವಾಗಿಯೂ ಯಾರೂ ಇಲ್ಲದಿದ್ದರೆ ಏನು ಮಾಡುತ್ತೀರಿ?"

ಅಂಥವನೊಬ್ಬ ಈಗ ನಮ್ಮಲ್ಲಿದ್ದಾನೆ. ಬಂದು ಮೂರು ವಾರ. ದಿನಾ ಕೇಳಿದೆ, ದಿನಾ "ಯಾರಿಲ್ರಿ". ಮೊನ್ನೆ ಊಟದ ಹೊತ್ತಿಗೆ, ತಾಟು ತೊಳೆಯುತ್ತಾ, ನಾನು ಕೇಳದೇ ಇದ್ದಾಗ ಹೇಳಿದ. ಒಬ್ಬ ಅತ್ತಿ ಇದ್ದಾಳಂತೆ. ಹೆಸರು ಗೊತ್ತಿಲ್ಲ, ಅತ್ತಿ ಅಂತಲೇ ಕರೆಯುತ್ತಿದ್ದ. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಮಾರುತ್ತಾಳೆ. ಬಲಗೈ ಮೇಲೆ ಚೇಳಿನ ಹಚ್ಚೆ ಇದೆ. ನಾಲ್ಕು ವರ್ಷದ ಹಿಂದೆ ಅವನಿಗೆ ಜ್ವರ ಬಂದಾಗ ಎರಡು ದಿನ ಅಂಗಡಿ ತೆರೆಯದೆ ಪಕ್ಕದಲ್ಲಿ ಕೂತಿದ್ದಳಂತೆ.

ನಾಳೆ ಬೆಳಿಗ್ಗೆ ಪರಿವೀಕ್ಷಣಾಧಿಕಾರಿಯೂ ನಾನೂ ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋಗುತ್ತೇವೆ.